ಎಡ ಭುಜ ಒಂದು ಬೆರಳು ಕೆಳಗೆ

ಮಂಡ್ಯದ ಪೇಟೆ ಬೀದಿಯಲ್ಲಿ ಚೂಡಿದಾರ್ ಸೆಟ್ಟು,
ಆರುನೂರ ತೊಂಬತ್ತೊಂಬತ್ತು.
ಹುಡುಗ ಗಾಜಿನ ಮೇಲೆ ಹರವಿ ಹೇಳಿದ:
'ಫ್ರೀ ಸೈಜು ಕಣಕ್ಕ, ಯಾರ್ಗಾದ್ರೂ ಆಯ್ತದೆ.'
ಯಾರಿಗಾದರೂ ಆಗುವುದು ಅಂದರೆ
ಯಾರನ್ನೂ ನೋಡದೆ ಹೊಲಿದದ್ದು ಅಂತ
ಬಾಯಿಗೆ ಬಂತು. ಬಣ್ಣ ಚೆನ್ನಾಗಿತ್ತು,
ಎಳೆ ಹುಣಸೆ ಚಿಗುರಿನ ಬಣ್ಣ.
ಸುಮ್ಮನೆ ದುಡ್ಡು ಕೊಟ್ಟೆ.

ಹೊಳಲಿನ ಡೇರಿಯಲ್ಲಿ ಹಾಲು ಅಳೆಯುವವಳು ನಾನು.
ಹತ್ತೊಂಬತ್ತು ವರ್ಷ
ಎಡಗೈಯಲ್ಲಿ ಕ್ಯಾನು, ಬಲಗೈಯಲ್ಲಿ ಪೆನ್ನು;
ಎಡ ಭುಜ ಒಂದು ಬೆರಳು ಕೆಳಗಿಳಿದಿದೆ.
ಅಂಗಡಿಯ ಕನ್ನಡಿಗೆ ಅದು ಗೊತ್ತಾಗುವುದಿಲ್ಲ,
ಅಂಗಡಿಯ ಬಟ್ಟೆಗೆ ಗೊತ್ತಾಗುತ್ತದೆ:
ಕೊರಳು ಒಂದು ಕಡೆ ಜಾರಿ, ತೋಳು ಕಂಕುಳಲ್ಲಿ ಕಚ್ಚಿ.
ಜೇಬಂತೂ ಇಲ್ಲವೇ ಇಲ್ಲ.
ಹೆಂಗಸಿಗೆ ಇಟ್ಟುಕೊಳ್ಳಲು ಏನಿದೆ ಅಂದುಕೊಂಡರೋ.
ಪೆನ್ನು, ಡೇರಿಯ ಬೀಗದ ಕೈ, ಮೊಬೈಲು, ಎರಡು ಲವಂಗ.
ಇಷ್ಟಿದೆ ಸ್ವಾಮಿ, ಬರೆದುಕೊಳ್ಳಿ.

ರಾತ್ರಿ ಮುದ್ದೆ ಪಾತ್ರೆ ನೆನೆಹಾಕಿ
ಹಳೇ ಬ್ಲೇಡು ಹಿಡಿದು ಕೂತೆ.
ಕಾರ್ಖಾನೆ ಹೊಲಿಗೆಗೆ ಎರಡು ತುದಿ.
ಒಂದನ್ನು ಎಳೆದರೆ ಹಟ ಹಿಡಿದು ಗಂಟಾಗುತ್ತದೆ,
ಇನ್ನೊಂದನ್ನು ಎಳೆದರೆ
ಇಷ್ಟು ಹೊತ್ತು ಕಾಯುತ್ತಿದ್ದ ಹಾಗೆ
ಸರ್ರನೆ ಪೂರಾ ಬಿಚ್ಚಿಕೊಳ್ಳುತ್ತದೆ.
ಯಾವ ತುದಿ ಯಾವುದು ಅಂತ ನೋಡಿ ಹೇಳಲಾಗದು.
ನಮ್ಮತ್ತೆಯ ಹತ್ತಿರ ನನಗೆ ಒಂಬತ್ತು ವರ್ಷ ಹಿಡಿಯಿತು.

ಬಿಚ್ಚಿ ನೋಡಿದರೆ ಒಳಗೆ ಬಟ್ಟೆಯೇ ಇಲ್ಲ,
ಹೊಲಿಗೆಯಾಚೆ ಭತ್ತದ ಕಾಳಿನಷ್ಟು ಅಂಚು.
ಗುತ್ತಲಿನ ಮೆಹ್ರುನ್ನಿಸಾ ಹೊಲಿಯುತ್ತಿದ್ದಾಗ
ಮಗ್ಗುಲು ಮಗ್ಗುಲಿಗೂ ಎರಡು ಬೆರಳು ಮಡಿಸಿ ಬಿಡುತ್ತಿದ್ದಳು.
'ಇರ್ಲಿ ಬುಡು, ಮುಂದಕ್ಕೆ ಬೇಕಾಯ್ತದೆ.'
ಬೇಕಾಯಿತು. ಮದುವೆಯಾದ ಮೇಲೆ ಒಂದು ಗೆರೆ ಹೊರಕ್ಕೆ,
ಬಸುರಿನಲ್ಲಿ ಇನ್ನೊಂದು,
ಹಾಲು ಬಿಡಿಸಿದ ಮೇಲೆ ಮತ್ತೆ ಒಳಕ್ಕೆ.
ಆ ರವಿಕೆ ಟ್ರಂಕಿನಲ್ಲಿ ಈಗಲೂ ಇದೆ,
ಬೆಳಕಿಗೆ ಹಿಡಿದರೆ
ಸೂಜಿ ತೂತಿನ ಮೂರು ಸಾಲು.
ಈ ಹೊಸದಕ್ಕೆ ನಾನು ಇವತ್ತು ಇದ್ದ ಹಾಗೇ ಇರಬೇಕು.
ಇವತ್ತೇ ಹಾಗಿಲ್ಲವಲ್ಲ.

ಸರಿ, ವೇಲಿನ ಒಂದು ಕೊನೆ ಹೋಯಿತು.
ಕಂಕುಳಿಗೆ ಕೊಬ್ಬರಿ ಮಿಠಾಯಿ ಆಕಾರದ ಎರಡು ತುಂಡು,
ಬಲಗಡೆ ಜೇಬು.
ಜೇಬಿನ ಒಳಕ್ಕೆ ನಮ್ಮನೆಯವರ ಹಳೇ ಲುಂಗಿ,
ನೀಲಿ ಚೌಕುಳಿ, ಯಾರಿಗೂ ಕಾಣದು,
ಕೈ ಇಟ್ಟಾಗ ಮೆತ್ತಗಿರುತ್ತದೆ.
ಎಡ ಭುಜದ ಹೊಲಿಗೆ ಒಂದು ಬೆರಳು ಇಳಿಸಿದೆ.
ಚಾಪೆಯ ಮೇಲೆ ಹರವಿದರೆ ಈಗ ಬಟ್ಟೆ ಸೊಟ್ಟ.
ತೊಟ್ಟರೆ ನೆಟ್ಟಗೆ.

ಆಮೇಲೆ ಮಿಷನ್ನಿಗೆ ಇಂಚರ ಕೂತಳು.
ಪಿಯುಸಿ. ಅವಳ ನ್ಯಾಯವೇ ಬೇರೆ:
ನಾನು ಬಿಡಿಸುತ್ತೇನೆ, ಅವಳು ಹಿಡಿಸುತ್ತಾಳೆ.
ಮೊನ್ನೆ ತಂದ ಟಾಪು ಎರಡೂ ಕಡೆ ಒಳಕ್ಕೆ ಹೋಗುತ್ತಿದೆ.
ಉಸಿರಾಡೋಕೆ ಜಾಗ ಬಿಡೇ ಅಂದೆ.
'ನಿನಗೇನು ಗೊತ್ತು' ಅಂದಳು.
ನಿಜ, ನನಗೇನು ಗೊತ್ತು.
ಅವಳ ವಯಸ್ಸಿನಲ್ಲಿ ನಾನೂ ಮೆಹ್ರುನ್ನಿಸಾಳ ಹತ್ತಿರ
'ಇನ್ನೂ ಬಿಗಿ, ಇನ್ನೂ ಬಿಗಿ' ಅಂತ ಜಗಳವಾಡಿದ್ದೆ.

'ಅಮ್ಮಾ, ಒಳಗಿರೋದೆಲ್ಲ ದಪ್ಪ ಕಾಣುತ್ತೆ,
ಕತ್ತರಿ ಎಲ್ಲಿ?'
'ಅಲ್ಲೇ ಎಲ್ಲೋ ಇರಬೇಕು ನೋಡು.'
ದಿಂಬು ಎತ್ತಿದಳು, ಡಬ್ಬ ಸುರಿದಳು,
ಗುಂಡಿಗಳು ಮಂಚದ ಕೆಳಗೆ ಓಡಿದವು.
ಗೊಣಗುತ್ತಲೇ ಎರಡು ಬೆರಳು ಬಟ್ಟೆಯನ್ನು
ಹಾಗೇ ಒಳಕ್ಕೆ ಮಡಿಸಿ
ಮೇಲೊಂದು ಹೊಲಿಗೆ ಓಡಿಸಿದಳು.

ಕತ್ತರಿ ನನ್ನ ತೊಡೆಯ ಕೆಳಗಿತ್ತು.
ತಣ್ಣಗೆ ಒತ್ತುತ್ತಿತ್ತು.
ಅವಳು ದೀಪ ಆರಿಸುವವರೆಗೂ
ನಾನು ಅಲ್ಲಾಡಲಿಲ್ಲ.